ಬೆದಂಡೆ ಎಂದರೇನು?

ಹಳಗನ್ನಡ ಸಾಹಿತ್ಯದ ಚರಿತ್ರೆಯಲ್ಲಿ ಕೆಲವು ಮಾತುಗಳುಂಟು. ಓದಿದವರೆಲ್ಲರೂ ಅವನ್ನು ಒಮ್ಮೆ ಕೇಳಿರುತ್ತಾರೆ, ಪರೀಕ್ಷೆಯಲ್ಲಿ ಒಮ್ಮೆ ಬರೆದಿರುತ್ತಾರೆ, ಆಮೇಲೆ ಅವುಗಳ ಗೊಡವೆಗೆ ಹೋಗಿರುವುದಿಲ್ಲ. ‘ಬೆದಂಡೆ’ ಅಂಥ ಒಂದು ಮಾತು. ಅದರ ಜೊತೆಯಲ್ಲಿಯೇ ಬರುವ ‘ಚತ್ತಾಣ’ ಇನ್ನೊಂದು. ಇವೆರಡೂ ಕನ್ನಡದ ಬಹು ಹಳೆಯ ಕಾವ್ಯಪ್ರಕಾರಗಳು, ಇವುಗಳ ಲಕ್ಷಣ ‘ಕವಿರಾಜಮಾರ್ಗ’ದಲ್ಲಿದೆ, ಲಕ್ಷ್ಯ ಮಾತ್ರ ಒಂದೂ ಉಳಿದಿಲ್ಲ – ಇಷ್ಟು ಹೇಳಿ ಮೇಷ್ಟರು ಮುಂದಿನ ಪಾಠಕ್ಕೆ ಹೋಗುತ್ತಾರೆ. ಹದಿನೈದು ವರ್ಷಗಳಿಂದ ನಾನೂ ಹಾಗೆಯೇ ಹೋಗುತ್ತಿದ್ದವನು. ಒಬ್ಬ ಹುಡುಗ ತಡೆದು ನಿಲ್ಲಿಸದಿದ್ದರೆ ಮುಂದೆಯೂ ಹಾಗೆಯೇ ಹೋಗುತ್ತಿದ್ದೆನೋ ಏನೋ.

ನಡೆದದ್ದು ಇಷ್ಟು. ಒಂದು ಭಾನುವಾರ ಬೆಳಗ್ಗೆ ತ್ಯಾಗರಾಜನಗರದ ನಮ್ಮ ಮನೆಯ ವರಾಂಡದಲ್ಲಿ ಕುಳಿತು ಕಿರುಪರೀಕ್ಷೆಯ ಉತ್ತರಪತ್ರಿಕೆಗಳನ್ನು ತಿದ್ದುತ್ತಿದ್ದೆ. ‘ಬೆದಂಡೆ ಎಂದರೇನು?’ ಎಂಬುದು ಎರಡು ಅಂಕದ ಪ್ರಶ್ನೆ. ಎಲ್ಲರೂ ನಾನು ಬರೆಸಿದ್ದ ಎರಡು ವಾಕ್ಯಗಳನ್ನೇ ಬರೆದಿದ್ದರು. ಕುಂದಾಪುರದ ಕಡೆಯಿಂದ ಬಂದ ಹುಡುಗನೊಬ್ಬ ಮಾತ್ರ, ಅದು ತಮ್ಮೂರಿನ ಆಟದ ಪ್ರಸಂಗದ ಹಾಗೆ ಇದ್ದಿರಬೇಕು, ಒಂದೆಡೆ ಕಂದ, ಒಂದೆಡೆ ವೃತ್ತ, ಉಳಿದ ಕಡೆ ಪದ ಎಂದು ಬರೆದಿದ್ದ. ಒಂಬತ್ತನೆಯ ಶತಮಾನದ ಕಾವ್ಯಕ್ಕೂ ಯಕ್ಷಗಾನಕ್ಕೂ ಗಂಟು ಹಾಕುವುದೆಂದರೇನು! ಕೆಂಪು ಶಾಯಿಯಲ್ಲಿ ಸೊನ್ನೆ ಹಾಕಿ ಪುಟ ತಿರುವಿದೆ.

ಮರುದಿನ ಆತ ಅಧ್ಯಾಪಕರ ಕೊಠಡಿಗೆ ಬಂದ. “ಏನಪ್ಪಾ, ಅಂಕ ಸಾಲದೆ?” ಎಂದೆ. “ಅಂಕಕ್ಕಲ್ಲ ಸಾರ್. ನೀವು ಬರೆಸಿದ ಲಕ್ಷಣ ಓದಿದಾಗ ನನಗೆ ಭಾಗವತರು ಹಾಡುವುದೇ ಕೇಳಿಸಿತು. ಅದು ತಪ್ಪಾದರೆ ಸರಿ ಯಾವುದು ಸಾರ್? ಬೆದಂಡೆ ಕೇಳಲಿಕ್ಕೆ ಹೇಗಿತ್ತು?” ಎಂದ. ಹೇಗಿತ್ತು ಎಂದು ನಾನು ಒಂದು ದಿನವೂ ಕೇಳಿಕೊಂಡಿರಲಿಲ್ಲ. “ಆಮೇಲೆ ಮಾತಾಡೋಣ” ಎಂದು ಕಳುಹಿಸಿಕೊಟ್ಟೆ. ಆ ಆಮೇಲಿನ ಮಾತೇ ಈ ಬರಹ.

ಮೊದಲು ಗ್ರಂಥದ ವಿಷಯ. ಕವಿರಾಜಮಾರ್ಗ ಕ್ರಿಸ್ತಶಕ ೮೫೦ರ ಸುಮಾರಿನದು. ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ ಹುಟ್ಟಿದ್ದು. ಅದನ್ನು ಬರೆದವನು ಶ್ರೀವಿಜಯನೆಂಬುದು ಇಂದು ಬಹುಮಟ್ಟಿಗೆ ಒಪ್ಪಿತವಾದ ಅಭಿಪ್ರಾಯ. ಕೆ. ಬಿ. ಪಾಠಕರು ಅದನ್ನು ಮೊದಲು ಅಚ್ಚು ಹಾಕಿಸಿದ್ದು ೧೮೯೮ರಲ್ಲಿ. ಕಿಟೆಲ್ಲರ ಮಹಾನಿಘಂಟು ಹೊರಬಂದದ್ದು ೧೮೯೪ರಲ್ಲಿ, ಅಂದರೆ ಅದಕ್ಕೆ ನಾಲ್ಕು ವರ್ಷ ಮೊದಲು. ಕನ್ನಡದ ಆದ್ಯಂತದ ಪದಸಂಪತ್ತನ್ನು ಕೂಡಿಸಿದ ಆ ಮಹನೀಯರ ಮುಂದೆ ಕನ್ನಡದ ಮೊದಲ ಲಕ್ಷಣಗ್ರಂಥ ಅಚ್ಚಿನ ರೂಪದಲ್ಲಿ ಇರಲಿಲ್ಲ. ಬೆದಂಡೆಯಂಥ ಮಾತುಗಳು ನಮ್ಮ ಓದಿಗೆ ಎಷ್ಟು ತಡವಾಗಿ ಬಂದುವೆಂಬುದಕ್ಕೆ ಇದೊಂದು ಗುರುತು.

ಮಾರ್ಗಕಾರ ತನ್ನ ಶಾಸ್ತ್ರಕ್ಕೆ ದಂಡಿಯ ‘ಕಾವ್ಯಾದರ್ಶ’ವನ್ನು ಬಹಳವಾಗಿ ಆಶ್ರಯಿಸಿದ್ದಾನೆ. ಆದರೆ ಬೆದಂಡೆ ಚತ್ತಾಣಗಳು ದಂಡಿಯಲ್ಲಿ ಇಲ್ಲ, ಇರುವುದಕ್ಕೆ ಕಾರಣವೂ ಇಲ್ಲ. ಮೊದಲ ಪರಿಚ್ಛೇದದಲ್ಲಿ ವಿಮಲೋದಯ, ನಾಗಾರ್ಜುನ, ಜಯಬಂಧು, ದುರ್ವಿನೀತ ಮೊದಲಾದ ಗದ್ಯಕಾರರನ್ನೂ ಶ್ರೀವಿಜಯ, ಕವೀಶ್ವರ, ಪಂಡಿತ, ಚಂದ್ರ, ಲೋಕಪಾಲ ಮೊದಲಾದ ಪದ್ಯಕಾರರನ್ನೂ ಹೆಸರಿಸುವ ಗ್ರಂಥಕಾರ, ಅದೇ ಸಂದರ್ಭದಲ್ಲಿ ಕನ್ನಡದಲ್ಲಿ ಹೆಸರಾಗಿದ್ದ ಈ ಎರಡು ಬಗೆಯ ಕಬ್ಬಗಳಿಗೆ ಲಕ್ಷಣ ಹೇಳುತ್ತಾನೆ. ಇಲ್ಲಿ ಅವನು ಸಂಸ್ಕೃತದ ಕಡೆ ನೋಡುತ್ತಿಲ್ಲ, ತನ್ನ ನಾಡಿನಲ್ಲಿ ಕಂಡದ್ದನ್ನು ಹೇಳುತ್ತಿದ್ದಾನೆ. ಆದುದರಿಂದ ಈ ಎರಡು ಪದ್ಯಗಳಿಗೆ ವಿಶೇಷ ಬೆಲೆಯಿದೆ.

ಆ ಲಕ್ಷಣಗಳ ತಾತ್ಪರ್ಯವನ್ನು ನನ್ನ ಮಾತಿನಲ್ಲಿ ಹೇಳುತ್ತೇನೆ. ಕಂದವೂ ದೋಷವಿಲ್ಲದ ವೃತ್ತವೂ ಒಂದೊಂದು ಎಡೆಯನ್ನು ಪಡೆದು, ಜಾತಿಯು ಜಾಣ್ಮೆಯಿಂದ ಶೋಭಿಸುತ್ತಿರಲು, ಇವೆಲ್ಲದರಲ್ಲಿ ಬೆಡಗು ಹೊಂದಿಕೊಂಡಿದ್ದರೆ ಅದು ಬೆದಂಡೆ. ಕಂದಗಳು ಹಲವಾಗಿದ್ದು, ಅವುಗಳೊಡನೆ ಚೆಲುವಾದ ವೃತ್ತಗಳೂ ಅಕ್ಕರ, ಚೌಪದಿ, ಗೀತಿಕೆ, ತಿವದಿಗಳೂ ಅಂದಗೊಂಡಿದ್ದರೆ ಅದು ಚತ್ತಾಣ. ತಿವದಿ ಎಂದರೆ ನಮ್ಮ ತ್ರಿಪದಿಯೇ.

ನಾನು ಬರೆಸುತ್ತಿದ್ದ ಟಿಪ್ಪಣಿಯಲ್ಲಿ ಇದು ಹೀಗೆ ಇಳಿಯುತ್ತಿತ್ತು: “ಕಂದ, ವೃತ್ತ, ಜಾತಿಗಳು ಬೆರೆತದ್ದು ಬೆದಂಡೆ, ಕಂದ, ವೃತ್ತ, ಅಕ್ಕರ ಮೊದಲಾದುವು ಬೆರೆತದ್ದು ಚತ್ತಾಣ.” ವಾಚಕರೇ ಗಮನಿಸಿ, ಈ ಎರಡು ವಾಕ್ಯಗಳಲ್ಲಿ ಭೇದವೇ ಇಲ್ಲ. ಭೇದವಿಲ್ಲದೆ ಎರಡು ಹೆಸರು ಏಕೆ? ಇಷ್ಟು ವರ್ಷ ಈ ಸಣ್ಣ ಪ್ರಶ್ನೆ ನನ್ನ ತಲೆಗೆ ಹೊಳೆಯಲಿಲ್ಲ. ಬೆರಕೆಯ ಸಾಮಾನುಗಳ ಪಟ್ಟಿಯನ್ನು ಇಟ್ಟುಕೊಂಡು, ಅಳತೆಯನ್ನು ಬಿಟ್ಟುಬಿಟ್ಟಿದ್ದೆ. ಹುಳಿಗೂ ಸಾರಿಗೂ ಬೇಳೆ, ಹುಣಿಸೆ, ಮೆಣಸಿನಕಾಯಿ ಬೇಕೆಂದು ಹೇಳಿದರೆ ಸಾಕೆ? ಯಾವುದು ಎಷ್ಟು ಎಂಬುದರಲ್ಲಲ್ಲವೆ ಅವುಗಳ ಭೇದ ಇರುವುದು?

ಅಳತೆಯನ್ನು ಹುಡುಕಬೇಕಾದರೆ ‘ಜಾತಿ’ ಎಂಬ ಮಾತನ್ನು ಬಿಡಿಸಬೇಕು. ಸಂಸ್ಕೃತ ಶಾಸ್ತ್ರಕಾರರು ಪದ್ಯವನ್ನು ವೃತ್ತ, ಜಾತಿ ಎಂದು ಎರಡಾಗಿ ಒಡೆಯುತ್ತಾರೆ. ದಂಡಿಯೂ ಹಾಗೆಯೇ ಮಾಡಿದ್ದಾನೆ. ಲಘುಗುರುಗಳು ಗೊತ್ತಾದ ಜಾಗದಲ್ಲಿಯೇ ಬರಬೇಕಾದದ್ದು ವೃತ್ತ, ಮಾತ್ರೆಯ ಲೆಕ್ಕದ ಮೇಲೆ ನಡೆಯುವುದು ಜಾತಿ. ಈ ಅರ್ಥದಲ್ಲಿ ಕಂದವೂ ಒಂದು ಜಾತಿ. ಅದು ನಾಲ್ಕು ಮಾತ್ರೆಯ ಹದಿನಾರು ಗಣಗಳ, ಒಟ್ಟು ಅರವತ್ತನಾಲ್ಕು ಮಾತ್ರೆಗಳ ಪದ್ಯ, ಪ್ರಾಕೃತದ ದಾರಿಯಿಂದ ನಮಗೆ ಬಂದದ್ದು. ಆದರೆ ಬೆದಂಡೆಯ ಲಕ್ಷಣದಲ್ಲಿ ಕಂದವನ್ನು ಮೊದಲೇ ಪ್ರತ್ಯೇಕವಾಗಿ ಹೇಳಿ ಆಗಿದೆ. ಆಮೇಲೆ ಬರುವ ಜಾತಿ ಇನ್ನೇನೋ ಆಗಿರಲೇಬೇಕು. ಹತ್ತನೆಯ ಶತಮಾನದ ಕೊನೆಯ ಭಾಗದ ಮೊದಲನೆಯ ನಾಗವರ್ಮ ತನ್ನ ‘ಛಂದೋಂಬುಧಿ’ಯಲ್ಲಿ ಕನ್ನಡದವೇ ಆದ ಪದ್ಯಗಳನ್ನು ‘ಕರ್ಣಾಟಕ ವಿಷಯ ಜಾತಿ’ಗಳೆಂದು ಕರೆಯುತ್ತಾನೆ; ಅಕ್ಕರ, ಚೌಪದಿ, ಗೀತಿಕೆ, ಏಳೆ, ತಿವದಿ ಮೊದಲಾದುವು ಆ ಗುಂಪಿನವು. ಚತ್ತಾಣದ ಲಕ್ಷಣದಲ್ಲಿ ಮಾರ್ಗಕಾರ ಹೆಸರಿಸಿ ಎಣಿಸಿದ್ದೂ ಈ ಕುಲದವನ್ನೇ. ಆದುದರಿಂದ ಬೆದಂಡೆಯ ಜಾತಿಯೆಂದರೆ ಈ ನೆಲದ ಮಟ್ಟುಗಳು, ಬ್ರಹ್ಮ, ವಿಷ್ಣು, ರುದ್ರ ಎಂಬ ಅಂಶಗಣಗಳ ಮೇಲೆ ನಡೆಯುವ, ಹಾಡುವಾಗ ಹಿಗ್ಗುವ ಕುಗ್ಗುವ ಪದ್ಯಗಳು ಎಂದು ತಿಳಿಯುವುದು ನ್ಯಾಯ.

ಹೀಗೆ ತಿಳಿದರೆ ಎರಡು ಲಕ್ಷಣಗಳೂ ಬೇರೆಬೇರೆಯಾಗಿ ನಿಲ್ಲುತ್ತವೆ. ಚತ್ತಾಣದಲ್ಲಿ ಕಂದಗಳು ಹಲವು. ಅವೇ ಅಲ್ಲಿ ನೆಲ, ಉಳಿದುವು ನಡುನಡುವೆ ಬರುವ ಅಲಂಕಾರ. ಬೆದಂಡೆಯಲ್ಲಿ ಕಂದಕ್ಕೂ ವೃತ್ತಕ್ಕೂ ಒಂದೊಂದು ಎಡೆ ಮಾತ್ರ, ಶೋಭಿಸಬೇಕಾದದ್ದು ಜಾತಿ. ಅಂದರೆ ಅಲ್ಲಿ ನೆಲವೇ ಹಾಡಿನ ಮಟ್ಟು, ಅದರ ನಡುವೆ ಗೊತ್ತಾದ ಜಾಗದಲ್ಲಿ ಕಂದ ಬಂದು ಹೋಗುತ್ತದೆ, ವೃತ್ತ ಬಂದು ಹೋಗುತ್ತದೆ. ಒಂದು ಓದುವುದಕ್ಕೆ ಒಲಿದದ್ದು, ಇನ್ನೊಂದು ಹಾಡುವುದಕ್ಕೆ ಒಲಿದದ್ದು ಎಂದು ನಾನು ಊಹಿಸುತ್ತೇನೆ.

ಇದು ಬರಿಯ ಊಹೆಯಲ್ಲ ಎನ್ನುವುದಕ್ಕೆ ಒಂದು ಒತ್ತಾಸೆಯಿದೆ. ಮುಂದೆ ಚಾಳುಕ್ಯರ ಕಾಲದಲ್ಲಿ ಎರಡನೆಯ ನಾಗವರ್ಮ ತನ್ನ ‘ಕಾವ್ಯಾವಲೋಕನ’ದಲ್ಲಿ ಮತ್ತೆ ಬೆದಂಡೆಗಬ್ಬದ ಮಾತೆತ್ತುತ್ತಾನೆ. ಅಲ್ಲಿ ಅದರ ನೆರೆಹೊರೆಯವರು ಯಾರು? ಪಾಡು, ಮೆಲ್ವಾಡು, ಪಾಡುಗಬ್ಬ, ಬಾಜನೆಗಬ್ಬ. ಒಂದು ಮಾತಿನ ಸ್ವಭಾವ ತಿಳಿಯಬೇಕಾದರೆ ಅದು ಯಾರ ಮನೆಯ ಜಗುಲಿಯಲ್ಲಿ ಕುಳಿತಿದೆಯೆಂದು ನೋಡಬೇಕು. ಬೆದಂಡೆ ಕುಳಿತಿರುವುದು ಹಾಡಿನವರ ಮನೆಯ ಜಗುಲಿಯಲ್ಲಿ. ಚತ್ತಾಣಕ್ಕೆ ಆ ನೆರೆ ದೊರೆತಿಲ್ಲ.

ಆ ಕಾಲದ ಕಾವ್ಯ ಕಿವಿಗಾಗಿಯೇ ಇತ್ತು ಎಂಬುದಕ್ಕೆ ಬೇರೆ ಸಾಕ್ಷ್ಯಗಳೂ ಉಂಟು. ಗಂಗರ ಎರಡನೆಯ ಶಿವಮಾರ, ಮಾರ್ಗಕಾರನಿಗಿಂತ ಸ್ವಲ್ಪ ಹಿಂದಿನವನು, ‘ಗಜಾಷ್ಟಕ’ ಎಂಬುದನ್ನು ರಚಿಸಿದ್ದನು. ಕೃತಿ ಇಂದು ಇಲ್ಲ. ಆದರೆ ಅದು ಒನಕೆವಾಡಾಗಿಯೂ ನಡೆಯುತ್ತಿತ್ತೆಂಬ ಅರ್ಥದ ಮಾತು ಶಾಸನವೊಂದರಲ್ಲಿ ಬಂದಿದೆ. ಅರಸನ ಕವಿತೆ ಭತ್ತ ಕುಟ್ಟುವ ಹೆಂಗಸರ ಬಾಯಿಗೆ ಬಂದಿತೆಂದರೆ ಅದರ ಮಟ್ಟು ಅವರಿಗೆ ಮೊದಲೇ ಗೊತ್ತಿದ್ದಿರಬೇಕು. ಇನ್ನೂ ಹಿಂದೆ, ಸುಮಾರು ೭೦೦ರಲ್ಲಿ, ಬಾದಾಮಿಯ ಬಂಡೆಯ ಮೇಲೆ ಕಪ್ಪೆ ಅರಭಟ್ಟನ ಶಾಸನವನ್ನು ಕೆತ್ತಿದರು. ಹತ್ತು ಸಾಲಿನ ಆ ಬರಹದಲ್ಲಿ ಒಂದು ಸಂಸ್ಕೃತ ಶ್ಲೋಕವಿದೆ, ಮೂರು ಕನ್ನಡ ತ್ರಿಪದಿಗಳಿವೆ. ನಮಗೆ ದೊರೆತಿರುವ ಅತ್ಯಂತ ಹಳೆಯ ತ್ರಿಪದಿಗಳು ಅವು. ಶ್ಲೋಕ ಒಂದು ಎಡೆಯಲ್ಲಿ ನಿಂತು, ನಮ್ಮ ಜಾತಿ ಉಳಿದ ಎಡೆಯಲ್ಲಿ ಮೆರೆಯುವ ಪದ್ಧತಿಗೆ ಬಂಡೆಯ ಮೇಲೆಯೇ ಒಂದು ಸಣ್ಣ ಉದಾಹರಣೆ ಸಿಕ್ಕಿದಂತಾಯಿತು. ಅದನ್ನೇ ಬೆದಂಡೆಯೆಂದು ಕರೆಯುವ ಧೈರ್ಯ ನನಗಿಲ್ಲ. ಆದರೆ ಬೆದಂಡೆ ಯಾವ ಮಣ್ಣಿನಲ್ಲಿ ಬೆಳೆಯಿತೆಂಬುದು ಅಲ್ಲಿ ಕಾಣುತ್ತದೆ. ಆ ತ್ರಿಪದಿಯೇ ಮುಂದೆ ಸರ್ವಜ್ಞನ ನಾಲಗೆಗೆ ಬಂತು; ಬೀಸುವ ಕಲ್ಲಿನ ಮುಂದೆ ನಮ್ಮ ಅಜ್ಜಿಯರ ಬಾಯಲ್ಲಿ ಉಳಿಯಿತು; ಹಲಸಂಗಿಯ ಗೆಳೆಯರು ಕೂಡಿಸಿದ ‘ಗರತಿಯ ಹಾಡು’ ೧೯೩೧ರಲ್ಲಿ ಅಚ್ಚಾದಾಗ ಓದುಬರಹದವರ ಕಣ್ಣಿಗೂ ಬಿತ್ತು.

ಇನ್ನು ನನ್ನ ವಿದ್ಯಾರ್ಥಿಯ ಪ್ರಸಂಗದ ಮಾತಿಗೆ ಬರೋಣ. ಕುಂಬಳೆಯ ಪಾರ್ತಿಸುಬ್ಬನ ರಾಮಾಯಣದ ಪ್ರಸಂಗಗಳನ್ನು ಹಿಡಿದು ಕರಾವಳಿಯ ಯಾವ ಪ್ರಸಂಗವನ್ನಾದರೂ ತೆಗೆದು ನೋಡಿ. ಕಥೆ ನಡೆಯುವುದು ರಾಗತಾಳಗಳಿಗೆ ಹೊಂದಿದ ಪದಗಳಲ್ಲಿ. ನಡುನಡುವೆ ಕಂದ ಬರುತ್ತದೆ, ವೃತ್ತ ಬರುತ್ತದೆ, ಭಾಮಿನಿಯೋ ವಾರ್ಧಕವೋ ಬರುತ್ತದೆ, ದ್ವಿಪದಿ ಬರುತ್ತದೆ. ಪದವನ್ನು ತಾಳ ಹಿಡಿದು ಎತ್ತುವ ಭಾಗವತರು ಕಂದ ವೃತ್ತಗಳ ಕಡೆ ಬಂದಾಗ ಸಾಮಾನ್ಯವಾಗಿ ತಾಳ ಬಿಟ್ಟು ನಿಡಿದಾಗಿ ಹೇಳುತ್ತಾರೆ. ಸಂಧಿಕಾಲದಲ್ಲಿ, ಕಥೆ ಒಂದು ಘಟ್ಟದಿಂದ ಇನ್ನೊಂದಕ್ಕೆ ದಾಟುವಾಗ, ಕೇಳುವವನ ಕಿವಿ ಈ ಬದಲಾವಣೆಯಿಂದಲೇ ಎಚ್ಚರಗೊಳ್ಳುತ್ತದೆ. ಛಂದಸ್ಸು ಬದಲಾಯಿತೆಂದರೆ ಏನೋ ಬದಲಾಯಿತು ಎಂದು ಅಕ್ಷರ ಬಾರದ ಮುದುಕನಿಗೂ ತಿಳಿಯುತ್ತದೆ. ಒಂದೊಂದು ಎಡೆಯನ್ನು ಪಡೆದು ಎಂದು ಮಾರ್ಗಕಾರ ಹೇಳಿದ್ದರ ಹುರುಳನ್ನು ಆ ಹುಡುಗ ಆಟದ ರಂಗಸ್ಥಳದ ಮುಂದೆ ಕಲಿತು ಬಂದಿದ್ದ. ನಾನು ಮುದ್ರಿತ ಪುಟದಲ್ಲಿ ಹುಡುಕುತ್ತಿದ್ದೆ.

ಆದರೆ ಇಲ್ಲಿ ಎಚ್ಚರಿಕೆಯೂ ಬೇಕು. ಪ್ರಸಂಗ ಬೆದಂಡೆಯ ಮೊಮ್ಮಗನೆಂದು ಯಾರಾದರೂ ವಂಶಾವಳಿ ಬರೆದರೆ ನಾನು ಒಪ್ಪಲಾರೆ. ನಡುವೆ ಅನೇಕ ಶತಮಾನಗಳ ಕಂದರವಿದೆ. ಪ್ರಸಂಗದ ಜೀವಾಳವಾದ ಷಟ್ಪದಿಗಳಲ್ಲಿ ವಾರ್ಧಕ ರಾಘವಾಂಕನಲ್ಲಿ, ಭಾಮಿನಿ ಕುಮಾರವ್ಯಾಸನಲ್ಲಿ ಕಾವ್ಯದ ತುಂಬ ನಡೆದು ನೆಲೆಗೊಂಡದ್ದು. ಅವರಿಬ್ಬರೂ ಮಾರ್ಗಕಾರನಿಗೆ ಬಹಳ ಮುಂದಿನವರು. ಹೋಲಿಕೆ ಬೇರೆ, ಸಂಬಂಧ ಬೇರೆ. ನಮ್ಮಲ್ಲಿ ಎಲ್ಲಕ್ಕೂ ಹಿಂದಿನ ಕಾಲದ ಮುದ್ರೆ ಒತ್ತಿ ಹೆಮ್ಮೆಪಡುವ ಚಪಲ ಹೆಚ್ಚು. ಹಾಗೆಯೇ ಬೆದಂಡೆಯ ಲಕ್ಷಣದಲ್ಲಿ ಬೆಡಂಗಿನ ಮಾತು ಬಂದಿತೆಂದು ಅದನ್ನು ಬೆಡಗಿನ ವಚನಗಳಿಗೆ ಹೊಂದಿಸುವುದೂ ಸಲ್ಲದು. ಮಾರ್ಗದ ಬೆಡಂಗು ಚೆಲುವು. ವಚನದ ಬೆಡಗು ಒಗಟಿನ ಬಗೆಯ ಮರೆಮಾತು. ಬೆದಂಡೆಯ ವ್ಯುತ್ಪತ್ತಿಯ ಜಗಳಕ್ಕೂ ನಾನು ಹೋಗುವುದಿಲ್ಲ. ಮಾತು ಎಲ್ಲಿ ಹುಟ್ಟಿತೆಂದು ಮೂಲರೂಪ ಹೇಳೀತು. ಕಬ್ಬದಲ್ಲಿ ಏನು ಕೆಲಸ ಮಾಡಿತೆಂದು ಹೇಳಲಾರದು.

ಹಾಗಾದರೆ ಲಕ್ಷ್ಯವಿಲ್ಲದ ಈ ಲಕ್ಷಣದಿಂದ ನಮಗೇನು ಪ್ರಯೋಜನ? ವಿಮರ್ಶೆಗೆ ಒಂದು ಪ್ರಯೋಜನವಿದೆಯೆಂದು ನನಗೆ ಈಗ ತೋರುತ್ತದೆ. ಮಾರ್ಗಕಾರ ಬೆದಂಡೆಗೆ ವಸ್ತುವನ್ನು ಹೇಳಲಿಲ್ಲ, ನಾಯಕನನ್ನು ಹೇಳಲಿಲ್ಲ, ಆಶ್ವಾಸಗಳ ಸಂಖ್ಯೆಯನ್ನು ಹೇಳಲಿಲ್ಲ. ಅವನು ಹೇಳಿದ್ದು ಎಡೆಯನ್ನು. ಯಾವ ಮಟ್ಟು ಎಲ್ಲಿ ಬರಬೇಕು, ಬಂದದ್ದು ತನ್ನ ಎಡೆಯಲ್ಲಿದೆಯೆ ಎಂಬುದೇ ಕಬ್ಬದ ಚೆಲುವಿನ ಪರೀಕ್ಷೆ. ಈ ಪರೀಕ್ಷೆ ಬೆದಂಡೆಯೊಡನೆ ಅಳಿಯಬೇಕಾಗಿಲ್ಲ.

ಪಂಪನನ್ನೇ ತೆಗೆದುಕೊಳ್ಳಿ. ೯೪೧ರ ಸುಮಾರಿಗೆ ‘ವಿಕ್ರಮಾರ್ಜುನ ವಿಜಯ’ವನ್ನು ಬರೆದ ಆತನಲ್ಲಿ ವೃತ್ತಗಳದು, ಕಂದಗಳದು, ಗದ್ಯದ್ದು ಮೇಲುಗೈ. ಚಂಪಕಮಾಲೆ, ಉತ್ಪಲಮಾಲೆ, ಮತ್ತೇಭವಿಕ್ರೀಡಿತಗಳೇ ಮೊದಲಾದ ಆರು ವೃತ್ತಗಳನ್ನು ನಾವು ‘ಖ್ಯಾತ ಕರ್ಣಾಟಕ’ವೆಂದು ಕರೆಯುವಷ್ಟು ಅವು ಕನ್ನಡದವಾದುವು. ಬನವಾಸಿಯ ನೆನಪನ್ನು ಕನ್ನಡಿಗರ ಎದೆಯಲ್ಲಿ ನಿಲ್ಲಿಸಿದ ಪದ್ಯ ಸಂಸ್ಕೃತದಿಂದ ಬಂದ ವೃತ್ತದಲ್ಲಿಯೇ ಇದೆ. ಆದರೂ ಅದು ಪರಕೀಯವೆಂದು ಯಾರಿಗೂ ಅನಿಸದು. ಅಷ್ಟಿದ್ದೂ ಪಂಪ ಅಲ್ಲಲ್ಲಿ ಏಳು ಗಣದ ಪಾದಗಳ ಪಿರಿಯಕ್ಕರವನ್ನೂ ರಗಳೆಯನ್ನೂ ತರುತ್ತಾನೆ. ನಾವು ಟಿಪ್ಪಣಿಯಲ್ಲಿ ‘ಛಂದಸ್ಸು: ಪಿರಿಯಕ್ಕರ’ ಎಂದು ಬರೆದು ಗಣ ವಿಂಗಡಿಸಿ ಮುಗಿಸುತ್ತೇವೆ. ಇಲ್ಲಿಯೇ ಏಕೆ, ಇದಕ್ಕೆ ಹಿಂದಿನ ಪದ್ಯದಲ್ಲಿ ಏಕಲ್ಲ ಎಂದು ಕೇಳುವುದಿಲ್ಲ. ಬೆದಂಡೆ ಎಂಬ ಮಾತನ್ನು ಮನಸ್ಸಿನಲ್ಲಿಟ್ಟುಕೊಂಡು ಓದುವವನು ಕೇಳುತ್ತಾನೆ. ಕವಿ ಹೊರಗಿನ ವೃತ್ತದ ಬಿಗಿಯನ್ನು ಸಡಿಲಿಸಿ ಮನೆಯ ಮಟ್ಟಿಗೆ ಹೊರಳಿದ ಆ ಕ್ಷಣದಲ್ಲಿ ಕಥೆಗೂ ಭಾವಕ್ಕೂ ಏನಾಯಿತೆಂದು ನೋಡುತ್ತಾನೆ. ಕೆಲವೆಡೆ ತಕ್ಕ ಉತ್ತರ ಸಿಕ್ಕುತ್ತದೆ, ಕೆಲವೆಡೆ ಸಿಕ್ಕುವುದಿಲ್ಲ. ಸಿಕ್ಕದಿದ್ದಾಗ ಅದನ್ನೂ ಹೇಳುವುದೇ ವಿಮರ್ಶೆ.

ಕುಮಾರವ್ಯಾಸ ಇದಕ್ಕೆ ಎದುರಾದ ದಾರಿ ಹಿಡಿದವನು. ಮೊದಲಿನಿಂದ ಕೊನೆಯವರೆಗೆ ಅವನದು ಭಾಮಿನಿಯೊಂದೇ. ಬಸವನಗುಡಿ, ತ್ಯಾಗರಾಜನಗರದ ಕಡೆ ಗಮಕ ವಾಚನ ಕೇಳಿ ಬೆಳೆದವರಿಗೆ ಗೊತ್ತು: ಅಲ್ಲಿ ಮಟ್ಟು ಬದಲಾಗದು, ರಾಗ ಬದಲಾಗುತ್ತದೆ. ದ್ರೌಪದಿಯ ಮೊರೆಗೊಂದು ರಾಗ, ಭೀಮನ ಆರ್ಭಟಕ್ಕೊಂದು ರಾಗ. ಕವಿ ಬಿಟ್ಟ ಎಡೆಯನ್ನು ಗಮಕಿ ತುಂಬುತ್ತಾನೆ. ಬೆದಂಡೆಯಲ್ಲಿ ಆ ಕೆಲಸದ ಒಂದು ಪಾಲನ್ನು ಕವಿಯೇ ಛಂದಸ್ಸಿನಿಂದ ಮಾಡಿಟ್ಟಿರುತ್ತಿದ್ದನೆಂದು ಕಾಣುತ್ತದೆ. ನಮ್ಮ ಕಾಲಕ್ಕೆ ಹತ್ತಿರದ ಪು. ತಿ. ನರಸಿಂಹಾಚಾರ್ಯರ ‘ಗೋಕುಲ ನಿರ್ಗಮನ’ದಂಥ ಗೀತನಾಟಕಗಳನ್ನು ಓದುವಾಗಲೂ ಈ ಪ್ರಶ್ನೆ ಉಪಯೋಗಕ್ಕೆ ಬರುತ್ತದೆ. ಅದಕ್ಕೆ ಬೆದಂಡೆಯೆಂದು ನಾಮಕರಣ ಮಾಡಬೇಕಾಗಿಲ್ಲ. ಹಾಡು ಎಲ್ಲಿ ತೊಡಗಿತು, ಎಲ್ಲಿ ನಿಂತಿತು, ಅದು ಅದರ ಎಡೆಯೆ ಎಂದು ಕೇಳಿದರೆ ಸಾಕು.

ಕಳೆದುಹೋದ ಕಾವ್ಯಗಳಿಗಾಗಿ ಮರುಗುವುದು ಸಹಜ. ಒಂದು ಬೆದಂಡೆಯ ಓಲೆಯಾದರೂ ಎಲ್ಲಿಯಾದರೂ ದೊರೆತೀತೆ ಎಂದು ನಾನೂ ಆಸೆಪಡುತ್ತೇನೆ. ಆದರೆ ಓಲೆ ದೊರೆತರೂ ಅದನ್ನು ಕೇಳುವ ಕಿವಿ ನಮ್ಮಲ್ಲಿ ಉಳಿದಿರಬೇಕಷ್ಟೆ. ತರಗತಿಯಲ್ಲಿ ನಾವು ಹಳಗನ್ನಡ ಪದ್ಯವನ್ನು ಗಟ್ಟಿಯಾಗಿ ಓದುವುದು ಕಡಿಮೆಯಾಗಿದೆ. ಪ್ರಸ್ತಾರ ಹಾಕುವುದು ಮಾತ್ರ ಉಳಿದಿದೆ. ಲಘುಗುರುಗಳ ಗೆರೆ ಎಳೆಯಬಲ್ಲ ವಿದ್ಯಾರ್ಥಿಗೆ ಆ ಪದ್ಯದ ನಡೆ ಬಾಯಿಗೆ ಬಾರದು. ಈ ತಪ್ಪು ವಿದ್ಯಾರ್ಥಿಗಳದಲ್ಲ, ನನ್ನಂಥ ಮೇಷ್ಟರದು. ಬೆದಂಡೆಯ ಕೃತಿಗಳನ್ನು ಕಾಲ ನುಂಗಿರಬಹುದು. ಆ ಮಾತಿನೊಳಗಿದ್ದ ಹಾಡನ್ನು ನುಂಗಿದ್ದು ನಮ್ಮ ಎರಡು ವಾಕ್ಯದ ಟಿಪ್ಪಣಿ.

ಆ ಹುಡುಗನನ್ನು ಮತ್ತೆ ಕರೆದು, ಅವನು ಬರೆದದ್ದರಲ್ಲಿ ಯಾವುದು ಸಲ್ಲುತ್ತದೆ, ಯಾವುದು ಸಲ್ಲದು ಎಂದು ತಿಳಿಸಿದೆ. ಒಂದು ಪ್ರಸಂಗದ ಪದವನ್ನೂ ಒಂದು ಕಂದವನ್ನೂ ತರಗತಿಯಲ್ಲಿ ಅವನಿಂದಲೇ ಹೇಳಿಸಿದೆ. ಬೆಂಚಿನ ಮೇಲೆ ಕುಳಿತಿದ್ದ ಬೆಂಗಳೂರಿನ ಮಕ್ಕಳು ಛಂದಸ್ಸಿನ ಪಾಠದಲ್ಲಿ ತಲೆಯೆತ್ತಿ ಕೇಳಿದ್ದನ್ನು ನಾನು ಕಂಡದ್ದು ಅದೇ ಮೊದಲು. ಉತ್ತರಪತ್ರಿಕೆಯ ಸೊನ್ನೆಯನ್ನು ಹೊಡೆದು ಒಂದು ಅಂಕ ಕೊಟ್ಟೆ. “ಇನ್ನೊಂದು ಸಾರ್?” ಎಂದು ನಕ್ಕ. ಇದ್ದಿರಬೇಕು ಎಂದ ಮೇಲೆ ಆಧಾರವನ್ನೂ ಬರೆಯಬೇಕಪ್ಪಾ ಎಂದೆ. ಅವನು ಬರೆಯದೆ ಬಿಟ್ಟ ಆಧಾರವನ್ನು ಹುಡುಕುವುದು ನನ್ನ ಪಾಲಿಗೆ ಬಂತು. ಸಿಕ್ಕಿದಷ್ಟನ್ನು ವಾಚಕರ ಮುಂದೆ ಇಟ್ಟಿದ್ದೇನೆ.